ಎಡಗಡೆ ಕಾಣದ ತಿರುವು

ವೆಲ್ಡರ್‌ಗೆ ಬೆಟ್ಟದ ರಸ್ತೆಯ ಹುಚ್ಚು ಮದುವೆಗೂ ಮುಂಚಿನದು. ಆ ರಸ್ತೆಯ ಹೆಸರು ಕೇಳಿಯೇ ಎಲ್ಲೆಲ್ಲಿಂದಲೋ ಜನ ಬೈಕಿನಲ್ಲಿ ಬಂದು, ಸುರುಳಿ ಸುತ್ತಿದ ತಿರುವುಗಳ ಮುಂದೆ ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ಇವನಿಗೆ ಅದು ಮನೆಯಂಗಳವಿದ್ದಂತೆ. ರಜೆ ಬಂತೆಂದರೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಟುಬಿಡುತ್ತಿದ್ದ. ಅವಳು ಬಟ್ಟೆ ಹೊಲಿಯುವವಳು. ವಾರವೆಲ್ಲ ಮಿಷನ್ನಿನ ಮೇಲೆ ಬಗ್ಗಿದ ಬೆನ್ನು ಆ ಗಾಳಿಗೇ ನೆಟ್ಟಗಾಗುವುದು ಎನ್ನುತ್ತಿದ್ದಳು.

ಕಣ್ಣಿನ ಡಾಕ್ಟರು ಹೇಳಿದ್ದನ್ನು ಅವನು ಅವಳಿಗೆ ಹೇಳಿರಲಿಲ್ಲ. ನೋಟ ಅಂಚಿನಿಂದ ಮುಚ್ಚಿಕೊಳ್ಳುತ್ತ ಬರುತ್ತದೆ, ಎಡಗಡೆ ಆಗಲೇ ಹೋಗಿದೆ, ಔಷಧಿಯಿಲ್ಲ, ಗಾಡಿ ಓಡಿಸುವುದನ್ನು ಇವತ್ತೇ ನಿಲ್ಲಿಸಿ ಎಂದಿದ್ದರು. ಕನ್ನಡಕ ಬದಲಿಸಬೇಕಂತೆ ಎಂದು ಮನೆಯಲ್ಲಿ ತೇಲಿಸಿಬಿಟ್ಟ. ಅಂಗಡಿಯಲ್ಲಿ ಸ್ಟೂಲು ಎಡವಿದಾಗಲೆಲ್ಲ ಅದನ್ನು ಅಲ್ಲಿಟ್ಟವರನ್ನು ಬೈದ. ಬೆಟ್ಟದ ರಸ್ತೆಗೆ ಮಾತ್ರ ಕಣ್ಣು ಬೇಕಿಲ್ಲ, ಮೈಗೇ ಗೊತ್ತು ಎಂದುಕೊಂಡ.

ಮೈಗೆ ಗೊತ್ತಿದ್ದದ್ದು ರಸ್ತೆ. ಆ ದಿನ ಎಡತಿರುವಿನ ಒಳಬದಿಯಲ್ಲಿ ಲಾರಿಯೊಂದು ಕೆಟ್ಟು ನಿಂತಿತ್ತು. ಅವನು ಆರಾಮವಾಗಿ ಬೈಕನ್ನು ಅತ್ತ ಬಾಗಿಸಿದ. ಅವಳು ಕಿರುಚಿ ಅವನ ಭುಜ ಎಳೆದಳು. ಬೈಕು ಲಾರಿಯ ಮೂಲೆಯನ್ನು ಸವರಿಕೊಂಡು ಹೋಗಿ ತಡೆಗೋಡೆಯ ಬುಡದಲ್ಲಿ ಉರುಳಿತು. ಅವನಿಗೆ ಮೊಣಕಾಲು ತರಚಿತ್ತು, ಅಷ್ಟೆ. ಅವಳ ಎಡಗೈ ಬೆರಳುಗಳು ಲಾರಿಯ ತಗಡಿಗೆ ಸಿಕ್ಕಿ ಜಜ್ಜಿಹೋಗಿದ್ದವು.

ಲಾರಿಯವನು ಓಡಿಬಂದು, ಅಷ್ಟು ದೊಡ್ಡ ಗಾಡಿ ಕಾಣದೆ ಹೋಯಿತೇ ಎಂದು ಬೈಯುತ್ತಲೇ ಅವಳ ಕೈಗೆ ಟವಲು ಸುತ್ತಿದ. ಕೆಳಗಿಳಿಯುವ ಕಾರೊಂದನ್ನು ನಿಲ್ಲಿಸಲು ಅವನು ಅತ್ತ ಹೋದಾಗ ಅವಳು ಗಂಡನ ಮುಖ ನೋಡಿದಳು.

"ನಿಜವಾಗ್ಲೂ ಕಾಣ್ಲಿಲ್ವಾ?"

"ಆ ಕಡೆ ಕಾಣಲ್ಲ."

"ಯಾವಾಗಿಂದ?"

"ಡಾಕ್ಟ್ರ ಹತ್ರ ಹೋಗಿದ್ನಲ್ಲ, ಅದಕ್ಕೂ ಮುಂಚೆಯಿಂದ."

"ಗೊತ್ತಿದ್ದೂ ನನ್ನ ಕೂರಿಸ್ಕೊಂಡ್ರಾ?"

"ನೀನು ಹಿಂದಿದ್ರೆ ಏನೂ ಆಗಲ್ಲ ಅನ್ಸೋದು," ಎಂದ. ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು.

ಬೆರಳುಗಳು ಉಳಿದವು, ಆದರೆ ಮಡಚಲು ಬರಲಿಲ್ಲ. ಬಟ್ಟೆ ಒತ್ತಿಹಿಡಿದು ಸೂಜಿಯ ಕೆಳಗೆ ನಡೆಸಬೇಕಾದ ಕೈ ಅದು. ಅರ್ಧ ಹೊಲಿದ ರವಿಕೆಗಳನ್ನು ಗಿರಾಕಿಗಳು ಬಂದು ಒಯ್ದರು. ಬೈಕನ್ನು ಅವಳ ತಮ್ಮ ತಳ್ಳಿಕೊಂಡು ಹೋದ. ಬೇಸಿಗೆ ಕಳೆಯುವಷ್ಟರಲ್ಲಿ ಬೆಸುಗೆಯ ಗೆರೆಯೂ ಕಣ್ಣಿಗೆ ಹತ್ತದೆ ವೆಲ್ಡರ್ ಅಂಗಡಿ ಬಿಟ್ಟ.

ಅವಳು ಜಗಳ ತೆಗೆಯಲಿಲ್ಲ. ಹೊತ್ತುಹೊತ್ತಿಗೆ ತಟ್ಟೆಯನ್ನು ಅವನಿಗೆ ಕಾಣುವ ಕಡೆಯೇ ಇಡುತ್ತಿದ್ದಳು. ಬಾಯಿತುಂಬ ಬೈದಿದ್ದರೆ ಅವನು ಉಂಡದ್ದು ಮೈಗೆ ಹತ್ತುತ್ತಿತ್ತೇನೋ. ರಜೆಯ ದಿನ ಬೆಳಿಗ್ಗೆ ಬೆಟ್ಟದ ಕಡೆ ಸಾಲಾಗಿ ಹೋಗುವ ಬೈಕುಗಳ ಸದ್ದು ಕೋಣೆಗೆ ನುಗ್ಗಿದರೆ ಎದ್ದುಹೋಗಿ ಕಿಟಕಿ ಮುಚ್ಚುತ್ತಿದ್ದಳು.

"ಯಾಕೆ?" ಎಂದು ಒಮ್ಮೆ ಕೇಳಿದ.

"ಧೂಳು," ಎಂದಳು.