ಮುಟ್ಟದವನ ಪ್ರಮಾಣ

“ಎಂತದೇ ಬೇವರ್ಸಿ, ನಿಂಗ್ ದೇವ್ರಿಗಿಂತ ಕಾಗ್ದ ದೊಡ್ದಾ?”

ಎಸ್ಸೈ ಗೋವರ್ಧನ ಕೇಳಿದ್ದು ನನ್ನನ್ನೇ. ಬೆಳಗ್ಗೆ ಒಂಬತ್ತಕ್ಕೇ ಬಂದು ಠಾಣೆಯ ಮೆಟ್ಟಿಲಲ್ಲಿ ಕೂತವಳು ನಾನು, ಜಲಜ. ಪಕ್ಕದಲ್ಲಿ ಗಂಡ ಬಚ್ಚ, ಬಲಗೈಗೆ ಪ್ಲಾಸ್ಟರು. ಆ ಕೈಯಿಂದಲೇ ಅವನು ರಾಜೇಂದ್ರನ ತೋಟದಲ್ಲಿ ದಿನಕ್ಕೆ ಮುನ್ನೂರು ರಬ್ಬರ್ ಮರ ಟ್ಯಾಪಿಂಗ್ ಮಾಡುತ್ತಿದ್ದ. ದೂರು ಬರೆದುಕೊಂಡು ಒಂದು ರಶೀದಿ ಕೊಟ್ಟರೆ ಎದ್ದು ಹೋಗುವವರು ನಾವು. ಮೂರು ದಿನದಿಂದ ಅದೊಂದು ಆಗುತ್ತಿರಲಿಲ್ಲ.

ನಡೆದದ್ದು ಇಷ್ಟೇ. ರಾಜೇಂದ್ರ ತೋಟದ ಧಣಿ, ಊರ ದೇವಸ್ಥಾನದ ಮೊಕ್ತೇಸರನೂ ಹೌದು. ವರ್ಷಕ್ಕೊಮ್ಮೆ ಅಲ್ಲಿಯ ಅಂಗಳದ ಹುಲ್ಲು ಕೀಳಲು ಊರ ಹೊರಗಿನ ಗುಡಿಸಲುಗಳ ನಮ್ಮ ಕೊಪ್ಪದವರು ಬಿಟ್ಟಿ ಹೋಗಬೇಕು. ಅಂಗಳ ದಾಟಿ ಒಳಗೆ ಕಾಲಿಡಬಾರದು.

“ಒಳ್ಗ್ ಬಿಡ್ದಿದ್ ದೇವ್ರ ಹುಲ್ಲ್ ನಾ ಎಂತಕ್ಕೆ ಕೀಳ್ಕ್? ನಾ ಬತ್ತಿಲ್ಲೆ,” ಎಂದ ಬಚ್ಚ ಈ ವರ್ಷ.

ರಾಜೇಂದ್ರ ಹಲಸು ಕೀಳುವ ದೋಟಿ ತೆಗೆದು ಅವನ ಮಣಿಕಟ್ಟಿಗೆ ಬಾರಿಸಿದ. ದೋಟಿ ಉದ್ದ ಇರುತ್ತದೆ. ಹತ್ತಿರ ಬರುವ ತೊಂದರೆ ಇಲ್ಲ.

“ಇಬ್ರೂ ದೇವಸ್ಥಾನ್ದಗೆ ಪ್ರಮಾಣ ಮಾಡಿ,” ಎಂದ ಗೋವರ್ಧನ. “ಸುಳ್ಳ್ ಹೇಳ್ದವ್ರನ್ನ ಆ ದೇವ್ರೇ ಕಾಣ್ಕಂತ. ಎಫ್‌ಐಆರ್ ಎಂತಕ್ಕೆ?”

ನಮ್ಮ ಜೊತೆ ಬಂದಿದ್ದ ಮಗಳು ವಿನಯಾ ಕುಂದಾಪುರದ ಕಾಲೇಜಿನಲ್ಲಿ ಇತಿಹಾಸ ಓದುತ್ತಾಳೆ. ಬಾಯಿ ಜೋರು, ನನ್ನದೇ.

“ಸರ್, ಬ್ರಿಟಿಷ್ರ ಕಾಲ್ದಗೇ ಕೋರ್ಟಿಂದ ಗಂಗಾಜಲ, ತುಳ್ಸಿ ಎಲ್ಲ ಹೊರ್ಗ್ ಹಾಕಿರ್. ದೇವ್ರ ಮೇಲ್ ಆಣಿ ಹಾಕ್ದೆಯೂ ಸತ್ಯ ಹೇಳ್ಲಕ್ಕ್ ಅಂದೇಳಿ ಕಾಯ್ದೆ ಮಾಡಿರ್.”

“ಹಾಂಗಾರೆ ಬ್ರಿಟಿಷ್ರ ಹತ್ರವೇ ಕಂಪ್ಲೇಂಟ್ ಕೊಡ್, ಹೋಗ್.”

ಠಾಣೆಯವರೆಲ್ಲ ನಕ್ಕರು. ಆಮೇಲೆ ನಮ್ಮನ್ನು ಸರ್ಕಾರಿ ಜೀಪಿನಲ್ಲಿ ಕೂರಿಸಿಕೊಂಡು ದೇವಸ್ಥಾನಕ್ಕೆ ಹೋದರು. ಬಚ್ಚನಿಗೆ ಪೆಟ್ಟು ಬಿದ್ದ ದಿನ ಆಸ್ಪತ್ರೆಗೆ ಹೋಗಲು ಇದೇ ಜೀಪು ಕೇಳಿದ್ದೆವು. ಅವತ್ತು ಡೀಸೆಲ್ ಇರಲಿಲ್ಲ.

ರಾಜೇಂದ್ರ ಒಳಗೆ, ಗರ್ಭಗುಡಿಯ ಎದುರು. ನಾವು ಅಂಗಳದಲ್ಲಿ. ಗೋವರ್ಧನ ಬೂಟು ಬಿಚ್ಚಿ, ಟೋಪಿ ಕಂಕುಳಲ್ಲಿಟ್ಟುಕೊಂಡು ನಡುವಿನ ಮೆಟ್ಟಿಲ ಮೇಲೆ ನಿಂತ. ಭಟ್ಟರು ದೀಪ ಹಿಡಿದರು, ರಾಜೇಂದ್ರ ಅದರ ಮೇಲೆ ಕೈಯಿಟ್ಟ.

“ಬಚ್ಚನ ಮೈ ನಾ ಮುಟ್ಲಿಲ್ಲೆ. ಮುಟ್ಟಿದ್ರೆ ನನ್ ವಂಶ ಹಾಳಾಯ್ಲಿ.”

ಸುಳ್ಳಲ್ಲ. ಅವನಾಗಲಿ, ಅವನ ಅಪ್ಪನಾಗಲಿ, ಅಜ್ಜನಾಗಲಿ ನಮ್ಮನ್ನು ಒಮ್ಮೆಯೂ ಮುಟ್ಟಿದವರಲ್ಲ. ಒಂದು ವೀಳ್ಯದೆಲೆ ಕೊಡುವುದಿದ್ದರೂ ಜಗಲಿಯಿಂದ ಎಸೆಯುತ್ತಾರೆ.

“ಮುಗೀತಲ್ದಾ,” ಎಂದ ಗೋವರ್ಧನ, ನನ್ನತ್ತ ತಿರುಗಿ. “ಈಗ ನೀ ಹೇಳ್. ಅಲ್ಲಿಂದ್ಲೇ ಹೇಳ್.”

“ನಾ ಆಣಿ ಹಾಕುದಿಲ್ಲೆ ಸಾಯ್ಬ್ರೆ,” ಎಂದೆ ನಾನು. “ ಒಡೇರ್ ಹೇಳದ್ದ್ ಸಮ ಇತ್ತ್, ಮುಟ್ಲಿಲ್ಲೆ. ಈಗ ಮುಟ್ಲಿ. ಆ ಮುರ್ದ್ ಕೈ ಒಂದ್ಸಲ ಹಿಡ್ಕಂಡ್ ‘ನಾ ಹೊಡಿಲಿಲ್ಲೆ’ ಅಂದೇಳ್ಲಿ. ನಾ ದೂರ್ ವಾಪಸ್ ತಕಂತೆ.”

ಬಚ್ಚ ನನ್ನ ಮುಖ ನೋಡಿದ. ಆಮೇಲೆ ಮೆಟ್ಟಿಲು ಹತ್ತತೊಡಗಿದ.

“ಹ್ವಾಯ್! ಇಳಿಯಾ ಕೆಳ್ಗೆ, ಹಡ್ಬೆಗ್ ಹುಟ್ಟಿದವ್ನೇ!” ರಾಜೇಂದ್ರ ಕೂಗಿದ.

ಗೋವರ್ಧನ ತಡೆಯಲೆಂದು ಕೈ ಚಾಚಿದ. ಬಚ್ಚನ ಭುಜ ಹತ್ತಿರ ಬಂದದ್ದೇ, ಕೈ ಹಿಂದಕ್ಕೆಳೆದು ಕಂಕುಳಿನ ಟೋಪಿ ಸರಿಮಾಡಿಕೊಂಡ.

“ಹಿಡ್ಕಣಿ ಒಡ್ಯಾ,” ಎಂದ ಬಚ್ಚ, ಪ್ಲಾಸ್ಟರಿನ ಕೈ ಮುಂದೆ ಮಾಡಿ.

ರಾಜೇಂದ್ರ ಒಂದು ಹೆಜ್ಜೆ ಹಿಂದೆ ಹೋದ. ಬಚ್ಚ ಒಂದು ಹೆಜ್ಜೆ ಮುಂದೆ ಹೋದ. ಭಟ್ಟರು ದೀಪದ ಸಮೇತ ಗರ್ಭಗುಡಿಯೊಳಗೆ ಸರಿದು, ಬಾಗಿಲು ಮುಚ್ಚಿ, ಒಳಗಿನಿಂದ ಅಗಳಿ ಹಾಕಿಕೊಂಡರು.

ರಾಜೇಂದ್ರನ ಬೆನ್ನು ಬಾಗಿಲಿಗೆ ತಾಗಿತು. ಇನ್ನು ಹಿಂದೆ ಹೋಗಲು ಜಾಗ ಇರಲಿಲ್ಲ. ಬಚ್ಚ ಕೈ ಚಾಚಿಕೊಂಡೇ ನಿಂತಿದ್ದ.