ಎಡಗಡೆಯದು ಮೊದಲು

ಪುಟ್ಟರಂಗಯ್ಯನ ಮಾತು ನಂಬುವುದಾದರೆ, ತುಮಕೂರಿನಲ್ಲಿ ಬೆಳಗಾಗುತ್ತಿದ್ದುದೇ ಅವನು ತನ್ನ ಕೋಣೆಯ ಬೀಗ ತೆಗೆದ ಮೇಲೆ. ತೆಂಗು ಬೆಳೆಗಾರರ ಸಂಘವೊಂದರ ಸರ್ವರ್ ಕೋಣೆಗೆ ಅವನು ಇಪ್ಪತ್ತು ವರ್ಷದಿಂದ ಒಡೆಯ. ಅಲ್ಲಿನ ಏಸಿಯ ಚಳಿಗೆ ಗೋಡೆಯ ಹಲ್ಲಿಗಳೂ ಸ್ವೆಟರ್ ಕೇಳುತ್ತಿದ್ದವು.

ಆ ಸರ್ವರ್‌ಗೆ ಎರಡು ಮಿದುಳು. ಎಡಕ್ಕೊಂದು ಬೋರ್ಡು, ಬಲಕ್ಕೊಂದು. ಪ್ರತಿಯೊಂದಕ್ಕೂ ತನ್ನದೇ ಡಿಸ್ಕು. ಎರಡೂ ಒಂದೇ ಕೆಲಸವನ್ನು ಒಂದೇ ಕ್ಷಣಕ್ಕೆ ಮಾಡುತ್ತವೆ. ಒಂದು ಮಲಗಿದರೆ ಇನ್ನೊಂದು ಒಂಟಿಯಾಗಿ ಎಳೆಯುತ್ತದೆ.

"ಸಿಡ್ಲು ಬಡುದ್ರೂ ನಿಲ್ಲಲ್ಲ ಕಣಮ್ಮ. ಒಂದ್ಸಲ ಬಡುದಿತ್ತು, ಸಿಡ್ಲೇ ಸತ್ತೋಯ್ತು," ಎಂದು ಅವನು ಹೇಮಶ್ರೀಗೆ ಹೇಳಿದ್ದ.

ಹೇಮಶ್ರೀ ಕುಣಿಗಲ್‌ನವಳು. ಮೂರು ತಿಂಗಳ ಮಟ್ಟಿಗೆ ಸೇರಿದ್ದಳು. ಕೆಲಸ ಚೆನ್ನಾಗಿ ಮಾಡಿದರೆ ಕಾಯಂ ಎಂದಿದ್ದರು ಮ್ಯಾನೇಜರ್ ಲಕ್ಷ್ಮೀನರಸಿಂಹಯ್ಯ. ಸಿ.ಎಸ್. ಪುರದಿಂದ ಮಾರ್ಕೋನಹಳ್ಳಿವರೆಗಿನ ರೈತರು ತೆಂಗಿನ ಸಸಿಗೆಂದು ಫೋನಿನಲ್ಲಿ ಹೆಸರು ಹೇಳುತ್ತಿದ್ದರು. ಇವಳು ಸರದಿ ತಪ್ಪದಂತೆ ನೇರ ಕಂಪ್ಯೂಟರಿಗೆ ಹಾಕುತ್ತಿದ್ದಳು. ಮೂರು ದಿನಕ್ಕೆ ಒಂಬೈನೂರು ಹೆಸರು. ಕಾಗದದ ಮೇಲೆ ಒಂದೂ ಇಲ್ಲ.

ಆ ಮೂರು ದಿನವೂ ಬಲಗಡೆಯ ಬೋರ್ಡು ಫ್ಯಾನ್ ಕೆಟ್ಟು ಮಲಗಿತ್ತು. ಹೆಸರೆಲ್ಲ ಸೇರಿದ್ದು ಎಡಗಡೆಯದಕ್ಕೆ ಮಾತ್ರ. ಫ್ಯಾನ್ ಬದಲಿಸಿದ ಮೆಕ್ಯಾನಿಕ್, ನಾಳೆ ಪೂಜೆಗೆ ಆರಿಸಿ ಎಬ್ಬಿಸಿದಾಗ ಬಲಗಡೆಯದೂ ಸೇರಿಕೊಳ್ಳುತ್ತದೆಂದು ಬಿಟ್ಟು, ಹೋಗುವಾಗ ಹೇಳಿದ್ದನ್ನು ಹೇಮಶ್ರೀ ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿ, ಹಬ್ಬಕ್ಕೆ ಊರಿಗೆ ಹೋದಳು: "ಎಡಗಡೆಯದು ಮೊದಲು."

ಮಾರನೆಯ ದಿನ ಆಯುಧಪೂಜೆ. ವರ್ಷವಿಡೀ ಆರದ ಯಂತ್ರವನ್ನು ಪುಟ್ಟರಂಗಯ್ಯ ಅಂದು ಮಾತ್ರ ಆರಿಸಿ, ಒರೆಸಿ, ಕುಂಕುಮವಿಟ್ಟು ಮತ್ತೆ ಎಬ್ಬಿಸುತ್ತಿದ್ದ. ಗುಬ್ಬಿ ಬಳಿಯ ಹೊಲದಲ್ಲಿ ಅವನಪ್ಪ ನೊಗಕ್ಕೆ ಸದಾ ಬಲಗಡೆಯ ಎತ್ತನ್ನೇ ಮೊದಲು ಹೂಡುತ್ತಿದ್ದ. ಮಗನೂ ಇಪ್ಪತ್ತು ಆಯುಧಪೂಜೆಗಳಲ್ಲಿ ಬಲಗಡೆಯ ಗುಂಡಿಯನ್ನೇ ಮೊದಲು ಒತ್ತಿದ್ದ, ಏನೂ ಆಗಿರಲಿಲ್ಲ.

"ನೆನ್ನೆ ಬಂದ ಹುಡ್ಗಿ ನಂಗೆ ಹೇಳ್ಕೊಡ್ತಾಳಂತೆ," ಎಂದು ಚೀಟಿ ಕಿತ್ತು ಪರ್ಸಿಗೆ ತುರುಕಿದ.

"ಏನೋ ಬರ್ದವ್ಳಲ್ಲಣ್ಣ, ಫೋನ್ ಮಾಡಿ ಒಂದ್ ಮಾತು ಕೇಳ್ಬಾರ್ದಾ?" ಎಂದ ಜವಾನ ಓಬಳಯ್ಯ.

"ನೀನು ಕಾಯಿ ಒಡಿಲಾ."

ಬಲಗಡೆಯದು ಎದ್ದಿತು. ತನ್ನನ್ನು ತಾನೇ ಪರೀಕ್ಷಿಸಿಕೊಂಡು, ಎಲ್ಲ ಸರಿಯಿದೆಯೆಂದು ಯಜಮಾನಿಕೆ ವಹಿಸಿಕೊಂಡಿತು. ಆಮೇಲೆ ಎಡಗಡೆಯದನ್ನು ಎಬ್ಬಿಸಿ, ತನ್ನಲ್ಲಿದ್ದುದನ್ನೆಲ್ಲ ಅದರೊಳಕ್ಕೆ ಸುರಿಯಿತು. ಮೊದಲು ಎದ್ದದ್ದು ಹೇಳಿದ್ದೇ ಸರಿ, ಎರಡನೆಯದು ಅದರಂತೆಯೇ ಆಗಬೇಕು; ಯಂತ್ರದ ಕಟ್ಟಳೆ ಅದು. ಮೂರು ದಿನ ಹಳೆಯ ನೆನಪು ಒಂಬೈನೂರು ಹೆಸರುಗಳನ್ನು ಅಳಿಸಿ ಕೂತಿತು. ಎರಡರ ನಡುವೆ ವ್ಯತ್ಯಾಸ ಕಂಡರೆ ತಾನೇ ಕೆಂಪು ದೀಪ? ಎರಡೂ ಹಸಿರು.

ಹಬ್ಬ ಮುಗಿದ ಮೇಲೆ ಮ್ಯಾನೇಜರ್ ಕೂಗಿದರು. "ಎಲ್ಲಮ್ಮ ಹೆಸ್ರು? ಒಂದೂ ಇಲ್ವಲ್ಲ!"

"ಹಾಕಿದೀನಿ ಸಾರ್, ದೇವ್ರಾಣೆ." ಹೇಮಶ್ರೀ ಪುಟ್ಟರಂಗಯ್ಯನ ಕಡೆ ತಿರುಗಿದಳು. "ಸಾರ್, ಎಡಗಡೇದೇ ಮೊದ್ಲು ಹಾಕುದ್ರಿ ತಾನೆ?"

ಅವನಿಗೆ ಆಗಲೇ ಎಲ್ಲ ಹೊಳೆದದ್ದು. ಸಿಡಿಲನ್ನೇ ಸಾಯಿಸಿದವನಿಗೆ 'ಇಲ್ಲ' ಎನ್ನಲು ನಾಲಿಗೆ ಏಳಲಿಲ್ಲ.

"ಹೂಂ. ಎಡಗಡೇದೇ."

ಬಾಗಿಲಲ್ಲಿ ಟೀ ಹಿಡಿದು ನಿಂತಿದ್ದ ಓಬಳಯ್ಯ ನೆಲ ನೋಡಿದ. ಇವರಿಬ್ಬರ ನಡುವೆಯೂ ವ್ಯತ್ಯಾಸ ಕಾಣಲಿಲ್ಲ. ಕೆಂಪು ದೀಪ ಹತ್ತಲಿಲ್ಲ. ಕೆಲಸ ಕಳೆದುಕೊಂಡ ಹೇಮಶ್ರೀ ಸಂಜೆಯ ಬಸ್ಸಿಗೆ ಕುಣಿಗಲ್‌ಗೆ ವಾಪಸಾದಳು.

ಆಮೇಲಿನ ಹದಿನೈದು ದಿನ ಪುಟ್ಟರಂಗಯ್ಯ ದಿನಕ್ಕೆ ನೂರು ಸಲ ಪರ್ಸಿನಿಂದ ಚೀಟಿ ತೆಗೆದು ಓದಿ ಮತ್ತೆ ತುರುಕಿದ. ಹದಿನಾರನೆಯ ದಿನ ಮ್ಯಾನೇಜರ್ ಮುಂದೆ ಹೋಗಿ ಎಲ್ಲ ಹೇಳಿದ.

"ಈಗ ಹೇಳ್ತೀರಲ್ರೀ! ಆ ಜಾಗಕ್ಕೆ ಬೇರೆಯೋರ್ನ ತಗೊಂಡಾಯ್ತು."

ಅಲ್ಲಿಂದ ನೇರ ಕುಣಿಗಲ್ ಬಸ್ಸು ಹತ್ತಿದ. ಹೇಮಶ್ರೀ ಸ್ಟ್ಯಾಂಡಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವನು ಪರ್ಸಿನಿಂದ ಚೀಟಿ ತೆಗೆದು ಮುಂದಿಟ್ಟ.

"ನಂಗೊತ್ತಿತ್ತು ಸಾರ್," ಎಂದಳು. "ಅವತ್ತೇ ಈಗ ಹೇಳ್ತೀರ, ಆಗ ಹೇಳ್ತೀರ ಅಂತ ಬಾಗ್ಲು ತನ್ಕ ನಿಧಾನಕ್ಕೇ ನಡ್ದೆ."

ಚೀಟಿಯನ್ನು ಗಾಜಿನ ಮೇಲಿಟ್ಟು ಒಂದು ಪ್ರತಿ ತೆಗೆದು ಅವನ ಕೈಗೆ ಕೊಟ್ಟಳು.

"ಇದ್ನ ಮಿಷನ್‌ಗೆ ಅಂಟ್ಸಿ. ಒರಿಜಿನಲ್ ನನ್ ಹತ್ರ ಇರ್ಲಿ."

ವಾಪಸು ಬಸ್ಸಿನಲ್ಲಿ ತುಮಕೂರಿನವರೆಗೂ ಅವನು ಪಕ್ಕದ ಸೀಟಿನವನೆದುರು ಒಂದು ಮಾತೂ ಕೊಚ್ಚಿಕೊಳ್ಳಲಿಲ್ಲ.