ಕೊನೆಯ ನಿಲ್ದಾಣದಲ್ಲಿ ಏನಿದೆ

"ಓದೋದಕ್ಕಲ್ಲ ಅಕ್ಕಾ, ಅದಕ್ಕೊಂದು ಕನ್ನಡಕ ಇದೆ. ಬಸ್ ಓಡಿಸೋಕೂ ಬೇಡ, ದೂರದ್ದೆಲ್ಲ ಕಾಣುತ್ತೆ. ಈ ನಡುವಿನದ್ದು ಮಾತ್ರ ಮಬ್ಬು." ಡ್ರೈವರ್ ಕೂತಲ್ಲಿಂದಲೇ ಕೈ ಚಾಚಿ ಅಂತರ ತೋರಿಸಿದ. "ಇಷ್ಟು ದೂರದಲ್ಲಿ ಒಂದು ಸಣ್ಣ ಅಂಕಿ. ಅದು ಮೂರೋ ಎಂಟೋ ಗೊತ್ತಾದ್ರೆ ಸಾಕು ನನಗೆ."

ಕನ್ನಡಕದಕ್ಕ ಅವನ ಮೂಗಿನ ಮೇಲೆ ಕೂರಿಸಿದ್ದ ಭಾರದ ಚೌಕಟ್ಟಿಗೆ ಇನ್ನೊಂದು ಗಾಜು ಇಳಿಬಿಟ್ಟಳು. ಬೀದಿಯವರೆಲ್ಲ ಅವಳನ್ನು ಕರೆಯುವುದೇ ಹಾಗೆ. ಹೊರಗೆ ಕೌಂಟರಿನಲ್ಲಿ ಗಂಡ ಫ್ರೇಮುಗಳ ಕಡ್ಡಿ ಬಗ್ಗಿಸುತ್ತಾ ಕೂರುತ್ತಾನೆ, ಒಳಗಿನ ಕತ್ತಲೆ ಕೋಣೆಯಲ್ಲಿ ಇವಳು ಕಣ್ಣು ಪರೀಕ್ಷೆ ಮಾಡುತ್ತಾಳೆ. ಕತ್ತಲಲ್ಲಿ ಕೂರಿಸಿದರೆ ಜನ ಏನೇನೋ ಬಾಯಿಬಿಡುತ್ತಾರೆ. ಬೀದಿಯ ಅರ್ಧ ಸಮಾಚಾರ ಅವಳಿಗೆ ಗೊತ್ತಾಗುವುದು ಹೀಗೆಯೇ.

"ಏನು ಅಂಕಿ ಅದು, ಮೀಟರಾ?"

ಡ್ರೈವರ್ ನಾಚಿಕೊಂಡ. ಮಕ್ಕಳ ಮದುವೆ ಮಾಡಿ ಮುಗಿಸಿದ ಮನುಷ್ಯ. "ಆಟ ಅಕ್ಕಾ, ನಗಬೇಡಿ. ಟೀವಿಗೆ ಸಿಕ್ಕಿಸಿ ಆಡ್ತಿದ್ದ ಹಳೇ ಕಂಪ್ಯೂಟರ್ ಇರ್ಲಿಲ್ವಾ, ಕ್ಯಾಸೆಟ್ ಹಾಕಿದ್ರೆ ಕೀಂಯ್ ಅಂತ ಕೂಗ್ಕೊಂಡು ಲೋಡ್ ಆಗೋದು, ಅದರದ್ದು. ಆಕಾಶದಲ್ಲಿ ನೌಕೆ ಓಡಿಸ್ಕೊಂಡು ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗ್ಬೇಕು. ಸತ್ತಾಗೆಲ್ಲ 'ಇಷ್ಟೇನಾ ನಿನ್ನ ಕೈಲಿ?' ಅಂತ ಬರುತ್ತೆ."

ಅಕ್ಕನ ಕೈಯಲ್ಲಿದ್ದ ಗಾಜು ಜಾರಿ ತಟ್ಟೆಗೆ ಬಿತ್ತು. ಆ ಸಾಲು ಬರೆದವಳು ಅವಳೇ. ಆಟ ಕಟ್ಟಿದವಳೂ ಅವಳೇ.

ಅವಳು ಗಾಜು ಎತ್ತಿ ಒರೆಸತೊಡಗಿದಳು. ಡ್ರೈವರ್ ಕೇಳುವವರು ಸಿಕ್ಕರಲ್ಲ ಎಂದು ಶುರುಮಾಡಿದ. ಫೋನಿನಲ್ಲಿ ಅವರದೊಂದು ಗುಂಪಂತೆ, ಆ ಆಟ ಆಡುವವರದ್ದೇ. ದಿನಾ ಕಚ್ಚಾಟ. "ಒಬ್ಬರು ಹಲ್ಲಿನ ಡಾಕ್ಟ್ರು, ಇದು ಆಟ ಅಲ್ಲ ಶಿಕ್ಷೆ ಅಂತ ಬರೀತಾರೆ. ಬರೆದು ಮತ್ತೆ ಹೋಗಿ ಆಡ್ತಾರೆ. ಇನ್ನೊಬ್ಬರು ಲೆಕ್ಕದ ಟೀಚರು, ಇದನ್ನ ಮಾಡಿದೋರಿಗೆ ಮನುಷ್ಯರನ್ನ ಕಂಡ್ರೆ ಆಗ್ತಿರ್ಲಿಲ್ಲ ಅಂತಾರೆ."

"ನೀವೇನಂತೀರಿ?"

"ನಾನು ಮಾಡಿದೋರ ಕಡೆ. ಇಷ್ಟು ಗೋಳು ಹುಯ್ಕೊಂಡಿದ್ದಾರೆ ಅಂದ್ರೆ ಕೊನೇಲಿ ಏನೋ ದೊಡ್ಡದು ಇಟ್ಟಿರ್ಬೇಕು ತಾನೆ? ಡಾಕ್ಟ್ರು ಒಂದು ತೋಟ ಇದೆ ಅಂತಾರೆ. ಟೀಚರು, ಮಾಡಿದೋರ ಹೆಸರಿರುತ್ತೆ ಅಂತಾರೆ. ಕೊನೇ ನಿಲ್ದಾಣ ಇವತ್ತಿನ ತನಕ ಯಾರೂ ಮುಟ್ಟಿಲ್ಲ. ಇಂಧನ ಸಾಲಲ್ಲ. ಎಲ್ಲರೂ ಎಂಜಿನ್ ಉರಿಸ್ಕೊಂಡೇ ಹೋಗ್ತಾರೆ. ನಾನು ಇಳಿಜಾರಲ್ಲಿ ಗಾಡಿ ಬಿಟ್ಟ ಹಾಗೆ ಆರಿಸಿ ತೇಲಿಸ್ಕೊಂಡು ಹೋದೆ, ಬಾಗಿಲ ತನಕ ಹೋಗಿಬಿಟ್ಟೆ. ಬ್ರೇಕಿಗೆ ಎಷ್ಟು ಉಳಿದಿದೆ ಅನ್ನೋ ಅಂಕಿ ಕಾಣ್ಲಿಲ್ಲ, ಗುದ್ದಿದೆ."

ಅಕ್ಕ ಸರಿಯಾದ ಗಾಜು ಇಳಿಸಿ ಫಲಕದ ಕಡೆ ಕೈ ತೋರಿಸಿದಳು. ಡ್ರೈವರ್ ಮೂರನ್ನು ಮೂರು ಎಂದೇ ಓದಿದ. ಅಕ್ಕ ಚೌಕಟ್ಟು ಬಿಚ್ಚಿಕೊಂಡಳು. "ಒಂದು ವಾರ ಆಗುತ್ತೆ," ಎಂದಳು.

"ಗಾಜು ಇಲ್ಲೇ ಇದೆಯಲ್ಲೇ, ಸಾಯಂಕಾಲಕ್ಕೆ ಕೊಟ್ರಾಯ್ತು," ಎಂದು ಗಂಡ ಹೊರಗಿನಿಂದ ಧಾರಾಳವಾಗಿ ಘೋಷಿಸಿದ. ಹೆಂಡತಿ ಪರದೆ ಸರಿಸಿ ನೋಡಿದ ನೋಟಕ್ಕೆ ಅವನ ಧಾರಾಳ ಅಲ್ಲೇ ಇಂಗಿತು.

ಆ ಆಟ ಮದುವೆಗೆ ಮುಂಚಿನ ಮಾತು. ಊಟ ನಿದ್ದೆ ಬಿಟ್ಟು ಆಟ ಕಟ್ಟುತ್ತಿದ್ದರೆ, ರಜೆ ಶುರುವಾಗುವುದರೊಳಗೆ ಬೇಕೇ ಬೇಕು ಎಂದು ಕ್ಯಾಸೆಟ್ ಮಾರುವವನು ತಲೆಯ ಮೇಲೆ ಕೂತಿದ್ದ. ಕೊನೆಯ ನಿಲ್ದಾಣಕ್ಕೆ ಬರುವಷ್ಟರಲ್ಲಿ ಯಂತ್ರದ ಮೆಮೊರಿ ಭರ್ತಿ, ಒಂದು ಅಕ್ಷರಕ್ಕೂ ಜಾಗವಿಲ್ಲ. ಗೆದ್ದು ಬಂದವನಿಗೆ ಏನಾದರೂ ತೋರಿಸಬೇಕಲ್ಲ? ಆಗ ಹುಡುಗಿಗೆ ಹೊಳೆದದ್ದು ಭಾರಿ ಉಪಾಯ: ಕೊನೆಯ ಹಾದಿಯ ಇಂಧನ ಕಡಿದು ಹಾಕಿದರೆ ಅಲ್ಲಿಗೆ ಯಾರೂ ತಲುಪುವುದೇ ಇಲ್ಲ, ತಲುಪದ ಮೇಲೆ ಕೇಳುವವರು ಯಾರು? ತಲುಪಿದರೂ ಪರದೆ ಕಪ್ಪಾಗಿ ಆಟ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಅಷ್ಟೇ. ಡ್ರೈವರ್ ಮೆಚ್ಚಿಕೊಂಡ ಆ ಕಷ್ಟದ ಹಿಂದೆ ಯೋಚನೆಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಈಗ ಆ ಮನುಷ್ಯನನ್ನು ಕೈಹಿಡಿದು ಅಲ್ಲಿಗೆ ಮುಟ್ಟಿಸುವುದು ತನ್ನದೇ ಕೈಯ ಕನ್ನಡಕ. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವನ ಬಗ್ಗೆ ಮರುಕವಾಯಿತು.

"ಹೇಳ್ಬಿಡು. ಬೈದ್ರೆ ಬೈಲಿ," ಎಂದ ಗಂಡ, ಊಟಕ್ಕೆ ಕೂತಾಗ ಅವಳು ಎಲ್ಲ ಹೇಳಿದ ಮೇಲೆ. "ನಾನೇನು ನಿನ್ನ ಕೈಲಿ ಬೈಸಿಕೊಂಡು ಬದುಕಿಲ್ವಾ?"

ವಾರ ಕಳೆದು ಡ್ರೈವರ್ ಬಂದ. ಅಕ್ಕ ಕನ್ನಡಕವನ್ನು ಬಟ್ಟೆಯಲ್ಲಿ ಒರೆಸಿ, ಮತ್ತೆ ಒರೆಸಿ, ಕೊಡದೆ ಕೈಯಲ್ಲೇ ಇಟ್ಟುಕೊಂಡು ಎಲ್ಲ ಹೇಳಿದಳು. ಅವನ ಮುಖದಲ್ಲಿ ಮೊದಲು ನಗು ಬಂತು, ತಮಾಷೆ ಮಾಡುತ್ತಿದ್ದಾಳೆ ಎಂದು. ಆಮೇಲೆ ಅದು ಹೋಯಿತು.

"ಏನೂ ಇಲ್ವಾ?"

"ಏನೂ ಇಲ್ಲ."

"ತೋಟ ಇಲ್ಲದಿದ್ರೆ ಬೇಡ. ಒಂದು ಮಾತೂ ಇಲ್ವಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಡ್ರೈವರ್ ಕನ್ನಡಕ ತೆಗೆದುಕೊಳ್ಳದೆ ಎದ್ದು ಹೊರಟೇಬಿಟ್ಟ. ಹೋದವನು ದೂರವೇನೂ ಹೋಗಲಿಲ್ಲ, ಅಂಗಡಿಯ ಮೆಟ್ಟಿಲ ಮೇಲೆ ಬೆನ್ನು ಹಾಕಿ ಕೂತ. ಗಂಡ ಏನೋ ಹೇಳಲು ಹೋದ, ಅಕ್ಕ ಸುಮ್ಮನಿರು ಎಂದು ಸನ್ನೆ ಮಾಡಿದಳು. ಇಬ್ಬರು ಗಿರಾಕಿಗಳು ಅವನನ್ನು ದಾಟಿಕೊಂಡು ಒಳಗೆ ಬಂದು, ಕೆಲಸ ಮುಗಿಸಿ ಹೋದರು. ಅವನು ಒಳಗೆ ಬಂದಾಗ ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು.

"ಯಾರೂ ಮುಟ್ಟಿಲ್ಲ ಅಲ್ವಾ ಅಲ್ಲಿಗೆ?"

"ನೀವೇ ಹೇಳಿದ್ರಲ್ಲ."

"ಹಾಗಿದ್ಮೇಲೆ ಹೊತ್ತು ಮೀರಿಲ್ಲ. ಈಗ ಬರೀರಿ."

ಅಕ್ಕ ಬೆಪ್ಪಾಗಿ ನೋಡಿದಳು. ಆಮೇಲೆ ಸಡಗರದಲ್ಲಿ, "ಬರೀತೀನಿ. ಹಾಗೇ ಇಂಧನಾನೂ ಸ್ವಲ್ಪ ಜಾಸ್ತಿ ಮಾಡ್ತೀನಿ, ನಿಮಗೆ ಸುಲಭ ಆಗ್ಲಿ," ಎಂದಳು.

ಏನೂ ಇಲ್ಲ ಎಂದಾಗ ಬಾರದ ಸಿಟ್ಟು ಅವನಿಗೆ ಈಗ ಬಂತು. "ಅದನ್ನ ಮುಟ್ಟಿದ್ರೆ ನಾನು ಆಡೋದೇ ಇಲ್ಲ. ಇಷ್ಟು ವರ್ಷ ಪಟ್ಟ ಪಾಡಿಗೆ ಏನು ಬೆಲೆ?" ಎಂದು ಗೊಣಗಿ, ಕನ್ನಡಕ ಜೇಬಿಗಿಟ್ಟುಕೊಂಡು ಹೋದ.

ಅಟ್ಟದ ಮೇಲಿದ್ದ ಅವಳ ಹಳೆಯ ಕಂಪ್ಯೂಟರ್ ಕೆಳಗಿಳಿಯಿತು. ಗಂಡ ಅದರ ಧೂಳು ಒರೆಸಿ, ಸಡಿಲವಾಗಿದ್ದ ತಂತಿಗೆ ಬೆಸುಗೆ ಹಾಕಿದ. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ, ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಅಕ್ಕ ಅದರ ಮುಂದೆ ಕೂತಳು. ತೋಟ ಬರೆಯಬೇಕು ಎಂದಿತ್ತು. ಬಾಗಿಲಾದರೂ ತೆರೆದುಕೊಳ್ಳಲಿ ಎಂದಿತ್ತು. ಮೆಮೊರಿ ಅಂದಿನಷ್ಟೇ ಭರ್ತಿ, ಅದೇನು ವಯಸ್ಸಾದಂತೆ ಬೆಳೆಯುತ್ತದೆಯೇ? ಎಲ್ಲಿ ಕೈ ಹಾಕಿದರೂ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತಿತ್ತು. ಇಡೀ ಆಟದಲ್ಲಿ ಕಿತ್ತರೂ ಏನೂ ಕುಸಿಯದ ಸಾಲು ಒಂದೇ ಒಂದಿತ್ತು: ಇಷ್ಟೇನಾ ನಿನ್ನ ಕೈಲಿ. ಅದನ್ನು ಬರೆದಾಗ ಎಷ್ಟು ಖುಷಿಪಟ್ಟಿದ್ದಳೋ. ಅಳಿಸಿದಳು. ಅಷ್ಟೇ ಅಕ್ಷರಗಳ ಜಾಗ ಸಿಕ್ಕಿತು. ಅದರಲ್ಲಿ ಏನು ಹಿಡಿಯುತ್ತದೆ ಎಂದು ಎರಡು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಅಂಗಡಿಗೆ ಬಂದವರಿಗೆ ದಿನಾ ಹೇಳುವುದನ್ನೇ ಬರೆದಳು.

ಭಾನುವಾರ ಅಂಗಡಿಗೆ ರಜೆ. ಮಧ್ಯಾಹ್ನ ಕೌಂಟರಿನ ಮೇಲೆ ಟೀವಿ ಇಟ್ಟರು. ಡ್ರೈವರ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ನಿಂತುಕೊಂಡ. "ವಾರವೆಲ್ಲ ಕೂತೇ ಇರ್ತೀನಿ, ಆಟ ನಿಂತೇ ಆಡೋದು." ಮೊದಲ ಸಲ ಅರ್ಧ ದಾರಿಯಲ್ಲೇ ಬಂಡೆಗೆ ಬಡಿದ. ಪರದೆ ಸುಮ್ಮನಿತ್ತು.

"ಬೈಯಲ್ವಾ?"

"ಜಾಗ ಬೇಕಿತ್ತು," ಎಂದಳು ಅಕ್ಕ.

"ಬೈದ್ರೇ ಚೆನ್ನಾಗಿತ್ತು," ಎಂದು ಅವನು ಮತ್ತೆ ಶುರುಮಾಡಿದ. ಎರಡನೆಯದೂ ಹೋಯಿತು. ಮೂರನೆಯ ಸಲ ಒಂದೊಂದೇ ನಿಲ್ದಾಣ ದಾಟಿ ಕೊನೆಯ ಹಾದಿಗೆ ಬಂದವನೇ ಎಂಜಿನ್ ಆರಿಸಿದ. ನೌಕೆ ಸದ್ದಿಲ್ಲದೆ ತೇಲತೊಡಗಿತು. ಗಂಡ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಬರೆದದ್ದನ್ನು ಅಕ್ಕ ನೇರ ಅಲ್ಲಿಗೇ ಜಿಗಿದು ನೋಡಿದ್ದಳೇ ಹೊರತು, ಆಡಿಕೊಂಡು ಬಂದರೆ ಏನಾಗುತ್ತದೋ ಗೊತ್ತಿರಲಿಲ್ಲ. ತನ್ನ ಆಟ ಗೆಲ್ಲಲು ಅವಳಿಗೇ ಬರುತ್ತಿರಲಿಲ್ಲ.

"ಮೂರಿದೆ," ಎಂದ ಡ್ರೈವರ್ ಮೆಲ್ಲಗೆ. ಬ್ರೇಕು ಒತ್ತಿದ, ಬಿಟ್ಟ, ಒತ್ತಿದ. ಅಂಕಿ ಸೊನ್ನೆಯಾಯಿತು. ನೌಕೆ ನಿಲ್ದಾಣದ ಬಾಗಿಲಿಗೆ ಹೋಗಿ ತಾಗಿತು.

ಪರದೆ ಕಪ್ಪಾಯಿತು. ಕಪ್ಪಾಗಿಯೇ ಇತ್ತು. ಅಕ್ಕ ಕಣ್ಣು ಮುಚ್ಚಿಕೊಂಡಳು. ಆಗ ಡ್ರೈವರ್ ಒಂದೊಂದೇ ಅಕ್ಷರ ಕೂಡಿಸಿ ಓದುವುದು ಕೇಳಿಸಿತು.

"ಬಂದಿರಾ? ಕೂತುಕೊಳ್ಳಿ."

ಡ್ರೈವರ್ ಪರದೆಯಿಂದ ಕಣ್ಣು ತೆಗೆಯದೆ ಹಿಂದಕ್ಕೆ ಕೈಯಾಡಿಸಿ, ಕುರ್ಚಿ ಹುಡುಕಿ ಎಳೆದುಕೊಂಡು, ನಿಧಾನವಾಗಿ ಕೂತ.